ಅವರೆ ಸಿಪ್ಪೆ ತುಳಿದವರು

ನಾನು ಹುಟ್ಟಿದ ಮನೆಯಲ್ಲಿ ಅಡಗಿಕೊಳ್ಳುವುದಕ್ಕೆ ಒಳ್ಳೆಯ ಜಾಗವಿತ್ತು. ತಲೆಬಾಗಿಲು ದಾಟಿದರೆ ದನ ಕಟ್ಟುವ ಜಾಗ, ಅಲ್ಲಿಂದ ಒಂದು ಮೆಟ್ಟಿಲು ಹತ್ತಿದರೆ ನಡುಮನೆ, ನಡುಮನೆಯ ಹಿಂದಿನ ಗೋಡೆಗೆ ಸಾಲಾಗಿ ರಾಗಿ ತುಂಬಿಡುವ ವಾಡೆಗಳು. ಇಂಚರಾ, ಧ್ಯಾನ್, ವಾಡೆಯನ್ನು ನೀವು ನೋಡಿಲ್ಲ. ಮಣ್ಣಿನಲ್ಲಿ ಮಾಡಿದ, ದೊಡ್ಡವರ ಎದೆಮಟ್ಟಕ್ಕೆ ಬರುವ ಗುಡಾಣ ಅದು. ಮೂಲೆಯ ವಾಡೆಗೂ ಗೋಡೆಗೂ ನಡುವೆ ಒಂದು ಮಗು ನುಸುಳುವಷ್ಟು ಸಂದು ಇತ್ತು. ಹೊರಗಿನವರು ಯಾರು ಬಂದರೂ ನಾನು ಆ ಸಂದಿಗೆ ಹೋಗಿ ನಿಲ್ಲುತ್ತಿದ್ದೆ. ಬಳೆ ಮಾರುವವಳು ಬರಲಿ, ಪಕ್ಕದೂರಿನ ನೆಂಟರು ಬರಲಿ, ಕಂದಾಯ ಕೇಳುವವರು ಬರಲಿ, ನನಗೆ ಎಲ್ಲರೂ ಒಂದೇ. ಕೆನ್ನೆಗೆ ವಾಡೆಯ ಮಣ್ಣು ತಣ್ಣಗೆ ತಾಗುತ್ತಿತ್ತು, ಒಳಗಿನ ರಾಗಿಯ ವಾಸನೆ ಬರುತ್ತಿತ್ತು, ನನ್ನ ಎದೆ ಬಡಿದುಕೊಳ್ಳುವುದು ನನಗೇ ಕೇಳಿಸುತ್ತಿತ್ತು. ಬಂದವರು ಎದ್ದು ಹೋಗಿ, ಅವರು ಕೂತಿದ್ದ ಚಾಪೆಯನ್ನು ಸುತ್ತಿ ಇಟ್ಟ ಮೇಲೆಯೇ ನಾನು ಹೊರಗೆ ಬರುತ್ತಿದ್ದದ್ದು.

“ಎಲ್ಲವ್ವ ನಿನ್ನ ಮಗಳು, ಕಾಣ್ಲೇ ಇಲ್ಲ?” ಎಂದು ಯಾರಾದರೂ ಕೇಳಿದರೆ ನಮ್ಮಮ್ಮ ನಗುತ್ತ ಹೇಳುತ್ತಿದ್ದಳು.

“ಅವ್ಳಾ? ರಾಗಿ ಕಾಯ್ತಾವ್ಳೆ.”

ಶಾಲೆಯಲ್ಲಿ ಕಾಯುವುದಕ್ಕೆ ರಾಗಿ ಇರಲಿಲ್ಲ. ಮೇಷ್ಟ್ರು ಪ್ರಶ್ನೆ ಕೇಳಿದರೆ ಉತ್ತರ ಗೊತ್ತಿರುತ್ತಿತ್ತು, ಅದು ಗಂಟಲಿನವರೆಗೆ ಬಂದು ಅಲ್ಲೇ ನಿಲ್ಲುತ್ತಿತ್ತು. ಗೊತ್ತಿಲ್ಲದವರ ಜೊತೆ ನಾನೂ ಬೆಂಚಿನ ಮೇಲೆ ನಿಲ್ಲುತ್ತಿದ್ದೆ. ಎತ್ತರದಲ್ಲಿ ನಿಂತರೆ ಎಲ್ಲರೂ ನೋಡುತ್ತಾರೆ, ಆಮೇಲೆ ಇನ್ನೂ ಭಯ. ಏಳನೇ ಕ್ಲಾಸು ಮುಗಿದ ಮೇಲೆ ಮುಂದಿನ ಶಾಲೆಗೆ ಬೇರೆ ಊರಿಗೆ ನಡೆದು ಹೋಗಬೇಕಿತ್ತು. ನನ್ನನ್ನು ಯಾರೂ ಬಿಡಿಸಲಿಲ್ಲ. ಹೋಗುವುದಿಲ್ಲ ಎಂದು ನಾನೇ ಅತ್ತೆ. ದಾರಿಯಲ್ಲಿ ಒಂದು ಕೆರೆ ಏರಿ, ಆ ಏರಿಯ ಮೇಲೆ ಗೊತ್ತಿಲ್ಲದ ಜನ. ಅಷ್ಟೇ ಕಾರಣ.

ವರ್ಷದಲ್ಲಿ ಒಂದು ಕಾಲದಲ್ಲಿ ಮಾತ್ರ ನನ್ನ ಬಾಯಿ ತೆರೆಯುತ್ತಿತ್ತು. ಚಳಿ ಹಿಡಿದು ಹೊಲದಲ್ಲಿ ಅವರೆಕಾಯಿ ಬಲಿತಾಗ. ಬೆಳಗಿನ ಇಬ್ಬನಿ ಆರುವ ಮೊದಲೇ ಗೋಣಿಚೀಲದಲ್ಲಿ ಕಾಯಿ ಮನೆಗೆ ಬರುತ್ತಿತ್ತು, ಮಧ್ಯಾಹ್ನ ಜಗಲಿಯ ಮೇಲೆ ಅದನ್ನು ಸುರಿದರೆ ಸೊಗಡು ಮೂಗಿಗೆ ಹತ್ತುತ್ತಿತ್ತು. ನಮ್ಮಜ್ಜಿ, ನಮ್ಮಮ್ಮ, ಚಿಕ್ಕಮ್ಮ, ಪಕ್ಕದ ಮನೆಯವರು ಎಲ್ಲ ಮೊರ ಹಿಡಿದು ಸುತ್ತ ಕೂರುತ್ತಿದ್ದರು. ಅಮ್ಮನಿಗೂ ಚಿಕ್ಕಮ್ಮನಿಗೂ ಒಲೆಯ ಹತ್ತಿರ ಮಾತು ನಿಂತು ಹೋಗಿದ್ದರೂ ಅವರೆ ಗುಡ್ಡೆಯ ಹತ್ತಿರ ಜಗಳ ಆಡಲೇಬೇಕು.

“ಈ ಹುಳುಕು ಕಾಯಿ ಯಾರು ನನ್ನ ಮೊರಕ್ಕೆ ಹಾಕಿದ್ದು?”

“ಕಣ್ಣಿರೋರು ನೋಡ್ಕಂಡು ಬಿಡಿಸ್ತಾರಪ್ಪ.”

“ಇಬ್ರೂ ಸುಮ್ನೆ ಬಿಡಿಸ್ರೇ, ಇಲ್ಲಾಂದ್ರೆ ಇವತ್ತು ಮುದ್ದೆ ಜೊತೆ ಬರೀ ಉಪ್ಪು,” ಎಂದು ಅಜ್ಜಿ ಗದರುತ್ತಿದ್ದಳು.

ಅವರೆ ಬಿಡಿಸುವಾಗ ಯಾರೂ ಯಾರ ಮುಖವನ್ನೂ ನೋಡುವುದಿಲ್ಲ. ಎಲ್ಲರ ಕಣ್ಣೂ ಅವರವರ ಕೈ ಮೇಲೆ. ಯಾರೂ ನೋಡುತ್ತಿಲ್ಲ ಎಂದು ಗೊತ್ತಾದರೆ ನನ್ನ ಗಂಟಲಲ್ಲಿ ನಿಂತದ್ದು ತಾನಾಗಿ ಇಳಿದು ಬರುತ್ತಿತ್ತು. ಶಾಲೆಯಲ್ಲಿ ಹೇಳಲಾಗದ ಉತ್ತರಗಳನ್ನೆಲ್ಲ ನಾನು ಅವರೆ ಗುಡ್ಡೆಗೆ ಹೇಳಿದ್ದೇನೆ. ಬಿಡಿಸಿ ಆದ ಮೇಲೆ ಸಿಪ್ಪೆಯನ್ನು ತಿಪ್ಪೆಗೆ ಹಾಕುತ್ತಿರಲಿಲ್ಲ, ದನಕ್ಕೆ ಅಷ್ಟಿಷ್ಟು ಹಾಕಿ ಉಳಿದದ್ದನ್ನು ಮನೆಯ ಮುಂದೆ ಬೀದಿಯ ಉದ್ದಕ್ಕೂ ಚೆಲ್ಲುತ್ತಿದ್ದರು. ನಮ್ಮ ಕಡೆ ಅದೊಂದು ನಂಬಿಕೆ. ಬೀದಿಯಲ್ಲಿ ಹೋಗುವವರು ಸಿಪ್ಪೆಯನ್ನು ತುಳಿದಷ್ಟೂ ಒಳಗೆ ಸಾರು ರುಚಿಯಾಗುತ್ತದೆ ಎಂದು. ತಿಳಿದವರು ಸಿಪ್ಪೆ ಕಂಡರೆ ಪಕ್ಕಕ್ಕೆ ಸರಿಯುತ್ತಿರಲಿಲ್ಲ, ಬೇಕೆಂದೇ ಅದರ ಮೇಲೆ ಕಾಲಿಟ್ಟು ಹೋಗುತ್ತಿದ್ದರು. ಅದು ಆ ಮನೆಗೆ ಮಾಡುವ ಮರ್ಯಾದೆ.

ಇನ್ನೂ ಒಂದು ಇತ್ತು. ಬೆಳಿಗ್ಗೆ ಸಗಣಿ ನೀರು ಹಾಕುವಾಗ ಅಜ್ಜಿ ಬೀದಿಯನ್ನು ಆ ತುದಿಯಿಂದ ಈ ತುದಿಯವರೆಗೆ ನೋಡುತ್ತಿದ್ದಳು. ಯಾರ ಮನೆಯ ಮುಂದೆ ಸಿಪ್ಪೆ ಇಲ್ಲವೋ ಆ ಮನೆಯಲ್ಲಿ ಈ ವರ್ಷ ಅವರೆ ಇಲ್ಲ. ಬೆಳೆ ಬಂದಿರುವುದಿಲ್ಲ, ಅಥವಾ ಬಿಡಿಸುವ ಕೈ ಇರುವುದಿಲ್ಲ. ಆ ಮನೆಗೆ ಸಂಜೆ ಒಂದು ಬಟ್ಟಲು ಸಾರು ಹೋಗಬೇಕು, ಅದನ್ನು ತೆಗೆದುಕೊಂಡು ಹೋಗುವವಳು ನಾನು. ಕದ ತಟ್ಟಿ, ಬಟ್ಟಲನ್ನು ಹೊಸ್ತಿಲ ಮೇಲಿಟ್ಟು, ಒಳಗೆ ಹೆಜ್ಜೆಯ ಸದ್ದು ಕೇಳಿದೊಡನೆ ಓಡಿ ಬಂದು ವಾಡೆಯ ಹಿಂದೆ ಸೇರಿಕೊಳ್ಳುತ್ತಿದ್ದೆ. ಒಂದು ಸಲ ಆ ಸಾರನ್ನು ನಾಯಿ ತಿಂದಿತು. ಅಜ್ಜಿ ನನ್ನ ಕಿವಿ ಹಿಡಿದು ಸಂದಿಯಿಂದ ಎಳೆದಳು.

“ಬಟ್ಲು ಇಟ್ಟು ಬರಾಕೆ ನೀನೇ ಬೇಕಾ? ಅವ್ರ ಮಖ ನೋಡ್ಕಂಡು ಬರ್ಬೇಕು ಕಣೆ. ಉಣ್ತಾವ್ರಾ, ಮಲಗವ್ರಾ, ಅಳ್ತಾವ್ರಾ, ಇಲ್ಲಿ ಕೂತ ನಂಗೆ ಯಾರು ಹೇಳೋರು?”

ಅಜ್ಜಿ ಇರುವ ತನಕ ಅದನ್ನು ನಾನು ಕಲಿಯಲಿಲ್ಲ.

ಮದುವೆಯಾದ ಮೇಲೆ ನಿಮ್ಮ ತಾತ ನನಗೆ ವಾಡೆಯಾದರು. ಅವರು ಒಳ್ಳೆಯ ಮಾತುಗಾರರು, ಸಂತೆಯಲ್ಲಿ, ಆಸ್ಪತ್ರೆಯಲ್ಲಿ, ನೆಂಟರ ಮನೆಯಲ್ಲಿ ನನ್ನ ಮಾತನ್ನೂ ಅವರೇ ಆಡುತ್ತಿದ್ದರು. ನಾನು ಅವರ ಬೆನ್ನ ಹಿಂದೆ ನಿಂತಿದ್ದರೆ ಸಾಕಿತ್ತು. ಅವರು ಹೋದ ಮೇಲೆ ಸ್ವಲ್ಪ ಕಾಲ ಅವರ ತಮ್ಮನ ಮನೆಯಲ್ಲಿದ್ದೆ. ಅವರು ಕೆಟ್ಟವರಲ್ಲ. ಆದರೆ ಕಸ ಗುಡಿಸುವಾಗ ನನ್ನನ್ನು ಏಳು ಎನ್ನುವುದಕ್ಕೆ ಅವರಿಗೆ ಸಂಕೋಚ, ಏಳದೆ ಕೂರುವುದಕ್ಕೆ ನನಗೆ ಸಂಕೋಚ. ಊಟಕ್ಕೆ ಕರೆದ ಮೇಲೆ ಹೋಗಬೇಕೋ ಕರೆಯುವ ಮೊದಲೇ ಹೋಗಬೇಕೋ ಎನ್ನುವುದು ಪ್ರತಿ ಹೊತ್ತಿನ ಯೋಚನೆ. ಅಂಥ ಹೊತ್ತಿನಲ್ಲಿ ನಿಮ್ಮಮ್ಮ ಶೋಭಾ ಬಂದು ನನ್ನನ್ನು ಬೆಂಗಳೂರಿಗೆ, ಸಾರಕ್ಕಿಯ ಈ ಮನೆಗೆ ಕರೆದುಕೊಂಡು ಬಂದಳು. ಇಂಚರಾ, ನೀನಾಗ ಯು.ಕೆ.ಜಿ. ಧ್ಯಾನ್ ಇನ್ನೂ ಹುಟ್ಟಿರಲಿಲ್ಲ.

ನಿಮಗೆ ಇದು ಆಡಿ ಬೆಳೆದ ಮನೆ. ನನಗೆ ಮೊದಲು ಕಂಡದ್ದು ಇಲ್ಲಿ ಅಡಗುವುದಕ್ಕೆ ಜಾಗವೇ ಇಲ್ಲ ಎನ್ನುವುದು. ಮೆಟ್ಟಿಲು ಹತ್ತಿ ಬಾಗಿಲು ತೆಗೆದರೆ ಹಾಲ್, ಅಡುಗೆಮನೆ, ರೂಮು ಎಲ್ಲ ಒಂದೇ ನೋಟಕ್ಕೆ ಕಾಣುತ್ತದೆ. ಎದುರು ಮನೆಯ ಬಾಲ್ಕನಿಯವರು ಕೈ ಚಾಚಿದರೆ ನಮ್ಮ ಕಿಟಕಿಯ ಸರಳು ಸಿಗುತ್ತದೆ. ಕಾಲಿಂಗ್ ಬೆಲ್ಲಿನಲ್ಲಿ ಹಕ್ಕಿ ಕೂಗುತ್ತಿತ್ತು. ಆ ಹಕ್ಕಿ ಕೂಗಿದಾಗಲೆಲ್ಲ ನಾನು ಫ್ರಿಜ್ಜಿಗೂ ಗೋಡೆಗೂ ನಡುವೆ ಹೋಗಿ ನಿಲ್ಲುತ್ತಿದ್ದೆ. ಅದು ವಾಡೆಯ ಹಾಗೆ ತಣ್ಣಗಿರಲಿಲ್ಲ, ಬೆನ್ನಿಗೆ ಬಿಸಿ ಊದುತ್ತಿತ್ತು. ಸಿಲಿಂಡರಿನವನು ಬೆಲ್ ಒತ್ತಿ ಒತ್ತಿ ಹೊರಟು ಹೋದ ದಿನ ನಿಮ್ಮಪ್ಪ ಮಂಜುನಾಥ ಏನೂ ಅನ್ನಲಿಲ್ಲ, ಮಾರನೆಯ ದಿನ ಡ್ಯೂಟಿಗೆ ಹೋಗುವ ಮೊದಲು ತಾನೇ ಸಿಲಿಂಡರ್ ಹೊತ್ತು ತಂದ. ಅದರಿಂದ ನನ್ನ ಭಯ ಇನ್ನೂ ಹೆಚ್ಚಾಯಿತು. ಕೆಳಗಿನ ಮನೆಯಲ್ಲಿ ಓನರ್ ಸರೋಜಾ ಮೇಡಂ. ಶಾಲೆಯಲ್ಲಿ ಹೆಡ್ ಮಿಸ್ ಆಗಿ ರಿಟೈರ್ ಆದವರು. ಅವರ ಧ್ವನಿ ಗೇಟಿನ ಹತ್ತಿರ ಕೇಳಿದರೆ ನನಗೆ ಬೆಂಚಿನ ಮೇಲೆ ನಿಂತ ಹಾಗೆ ಆಗುತ್ತಿತ್ತು. ಅವರು ಬಾಗಿಲು ಹಾಕಿಕೊಂಡ ಮೇಲೆಯೇ ನಾನು ಮೆಟ್ಟಿಲು ಇಳಿಯುತ್ತಿದ್ದೆ.

ಎಲ್ಲಕ್ಕಿಂತ ದೊಡ್ಡ ಭಯ ಮೈನ್ ರೋಡು. ನಮ್ಮ ಬೀದಿ ಕಿರಿದು, ಇಂಚರಾಳ ಸ್ಕೂಲ್ ವ್ಯಾನ್ ಒಳಗೆ ಬರುವುದಿಲ್ಲ, ಮೈನ್ ರೋಡಿನ ಆಚೆ ಬದಿಯಲ್ಲಿ ನಿಲ್ಲುತ್ತಿತ್ತು. ಶೋಭಾ ಆಸ್ಪತ್ರೆಯ ಬಿಲ್ಲಿಂಗ್ ಕೌಂಟರಿನಲ್ಲಿ ಕೆಲಸ ಮಾಡುತ್ತಿದ್ದಳು, ಮಂಜುನಾಥ ಬಸ್ ಕಂಡಕ್ಟರ್, ಅವನ ಪಾಳಿ ದಿನಕ್ಕೊಂದು. ಮಧ್ಯಾಹ್ನ ಮಗುವನ್ನು ರಸ್ತೆ ದಾಟಿಸಿ ಮನೆಗೆ ಕರೆತರುವುದು ನನ್ನ ಕೆಲಸ. ಅದೊಂದೇ ಕೆಲಸಕ್ಕಾಗಿ ನಾನು ಇಲ್ಲಿಗೆ ಬಂದವಳು. ಶೋಭಾ ರಜೆ ಹಾಕಿ ನನಗೆ ರಸ್ತೆ ದಾಟುವುದನ್ನು ಕಲಿಸಲು ನೋಡಿದಳು. ಜೊತೆಗೆ ದಾಟಿಸಿದಳು, ಆಮೇಲೆ ತಾನು ಆಚೆ ನಿಂತು “ಬಾಮ್ಮಾ, ಈಗ ಬಾ” ಎಂದು ಕೈ ಬೀಸಿದಳು. ನಾನು ಒಂದು ಕಾಲು ರಸ್ತೆಗಿಟ್ಟೆ. ನೀರಿನ ಟ್ಯಾಂಕರ್ ಹಾರ್ನ್ ಹೊಡೆಯಿತು, ಕಾಲು ಹಿಂದಕ್ಕೆ ತೆಗೆದೆ. ಮತ್ತೆ ಇಟ್ಟೆ, ಒಂದು ಬೈಕು ಸೆರಗಿಗೆ ತಾಗುವ ಹಾಗೆ ಬಂದು ಕಿರ್‍ರೆಂದು ನಿಂತಿತು.

“ಏನಾಂಟಿ, ಮನೇಲಿ ಹೇಳಿ ಬಂದಿದ್ದೀರಾ?”

ಅವನು ವಿಚಾರಿಸುತ್ತಿದ್ದಾನೆ ಎಂದುಕೊಂಡು ನಾನು, “ಹೂಂ ಕಣಪ್ಪ, ಮಗಳು ಅಲ್ಲೇ ನಿಂತವ್ಳೆ” ಎಂದೆ. ಅವನು ನಕ್ಕು ಹೋದ. ಮನೆಗೆ ಬಂದ ಮೇಲೆ ಶೋಭಾ ಹೇಳಿದಳು, “ಅಮ್ಮ, ಅದು ವಿಚಾರ್ಸೋದಲ್ಲ. ಸಾಯೋಕೆ ಹೊರಟಿದ್ದೀಯಾ, ಮನೆಯೋರಿಗೆ ಗೊತ್ತಾ ಅಂತ ಬೈಯೋದು.” ಅದನ್ನು ತಿಳಿದ ಮೇಲೆ ನನಗೆ ರಸ್ತೆಯ ಅಂಚಿಗೂ ಹೋಗಲಾಗಲಿಲ್ಲ.

ಆ ಶನಿವಾರ ನಾನು ಅಡುಗೆಮನೆಯಲ್ಲಿ ಪಾತ್ರೆ ಒರೆಸುತ್ತಿದ್ದೆ. ಹಾಲಿನಲ್ಲಿ ನಿಮ್ಮಪ್ಪ ಅಮ್ಮ ಸಣ್ಣ ಧ್ವನಿಯಲ್ಲಿ ಮಾತಾಡುತ್ತಿದ್ದರು.

“ಅಮ್ಮನ ಕೈಲಿ ಆಗಲ್ಲ ರೀ. ಇವತ್ತು ಬೀದಿ ಕೊನೇಗೇ ನಿಂತುಬಿಟ್ಟಳು.”

“ಹೊಸದಲ್ವಾ, ಅಭ್ಯಾಸ ಆಗುತ್ತೆ ಬಿಡು.”

“ಯಾವಾಗ ಆಗೋದು? ಸೋಮವಾರ ನಾನು ಡ್ಯೂಟಿಗೆ ಹೋಗ್ಲೇಬೇಕು. ಅವತ್ತೂ ಆಗ್ಲಿಲ್ಲ ಅಂದ್ರೆ ಸ್ಕೂಲ್ ಹತ್ರ ಡೇ ಕೇರಿಗೆ ಹಾಕೋಣ. ಅಮ್ಮನ್ನ ಚಿಕ್ಕಪ್ಪನ ಮನೆಗೆ ಬಿಟ್ಟು ಬರ್ತೀನಿ. ಇಲ್ಲಿ ಇಟ್ಕೊಂಡು ದಿನಾ ಹೆದರಿಸಿ ಸಾಯಿಸೋದ್ಯಾಕೆ?”

ನಿಮ್ಮಮ್ಮನ ಮೇಲೆ ನನಗೆ ಸಿಟ್ಟು ಬರಲಿಲ್ಲ. ಅವಳು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಆದರೆ ಮೈದುನನ ಮನೆಯ ಆ ಚಾಪೆ, ಆ ಕಸಬರಿಗೆ ನೆನಪಿಗೆ ಬಂತು. ಒರೆಸಿದ ಪಾತ್ರೆಯನ್ನೇ ಮತ್ತೆ ಒರೆಸುತ್ತ ನಿಂತೆ. ರಸ್ತೆಗೂ ಹೆದರಿಕೆ, ಊರಿಗೂ ಹೆದರಿಕೆ. ನಡುವೆ ನಿಲ್ಲುವುದಕ್ಕೆ ಜಾಗವಿಲ್ಲ.

ಭಾನುವಾರ ವಸಂತಪುರದಲ್ಲಿ ನೆಂಟರೊಬ್ಬರ ಗೃಹಪ್ರವೇಶವಿತ್ತು. ನಾನು ಬರುವುದಿಲ್ಲ ಎಂದೆ, ಅವರು ಒತ್ತಾಯ ಮಾಡಲಿಲ್ಲ. ಹೊರಡುವ ಮೊದಲು ಮಂಜುನಾಥ ಮಾರ್ಕೆಟ್ಟಿಗೆ ಹೋಗಿ ಒಂದು ಚೀಲ ಅವರೆಕಾಯಿ ತಂದು ಇಟ್ಟ. “ಅತ್ತೆ, ಆದ್ರೆ ಬಿಡಿಸಿ. ನಾಳೆ ಹಿದುಕಿದ ಬೇಳೆ ಸಾರು ಮಾಡೋಣ” ಎಂದ. ಅವರು ಹೋದ ಮೇಲೆ ಬಾಗಿಲ ಹತ್ತಿರ ಬಿಸಿಲು ಬೀಳುವ ಕಡೆ ಕೂತು ಚೀಲ ಸುರಿದೆ. ಆ ಸೊಗಡು ಬಂತು ನೋಡಿ, ಎಷ್ಟೋ ದಿನದ ಮೇಲೆ ನನ್ನ ಎದೆಬಡಿತ ನನಗೆ ಕೇಳಿಸಲಿಲ್ಲ. ಕೈ ತಾನಾಗಿ ಓಡಿತು. ಬಾಯಿಯೂ ಓಡಿತು. ಯಾರೂ ಇಲ್ಲದ ಮನೆಯಲ್ಲಿ ನಿಮ್ಮ ತಾತನ ಹತ್ತಿರ, ಅಜ್ಜಿಯ ಹತ್ತಿರ, ಚಿಕ್ಕಮ್ಮನ ಹತ್ತಿರ ಮಾತಾಡಿದೆ. ಕಾಳನ್ನು ನೀರಿಗೆ ಹಾಕಿದೆ. ಸಿಪ್ಪೆಯನ್ನು ಮೊರದಲ್ಲಿ ಎತ್ತಿಕೊಂಡು ಕೆಳಗಿಳಿದು, ಗೇಟು ತೆಗೆದು, ಮನೆಯ ಮುಂದೆ ಬೀದಿಯ ಉದ್ದಕ್ಕೂ ಚೆಲ್ಲಿದೆ. ಗುಡ್ಡೆಯಾದ ಕಡೆ ಕಾಲಿನಿಂದ ಹರಡಿದೆ. ಅದನ್ನು ಮಾಡಿದವಳು ನಾನು ಎಂದು ಈಗಲೂ ನನಗೆ ಪೂರ್ತಿ ನಂಬಿಕೆಯಿಲ್ಲ. ಯಾವ ಊರಿನಲ್ಲಿದ್ದೇನೆ ಎನ್ನುವುದೇ ಮರೆತು ಹೋಗಿತ್ತು.

ಮೇಲೆ ಬಂದು ಕೈ ತೊಳೆಯುತ್ತಿರುವಾಗ ನೆನಪಾಯಿತು. ನೆನಪಾಗುವುದಕ್ಕೂ ಕೆಳಗೆ ಸರೋಜಾ ಮೇಡಂ ಗೇಟು ತೆಗೆಯುವುದಕ್ಕೂ ಸರಿಹೋಯಿತು.

“ಯಾರದು? ಯಾರ ಕೆಲಸ ಇದು? ಹಸಿ ಕಸಕ್ಕೆ ಅಂತ ಬಕೆಟ್ ಕೊಟ್ಟಿಲ್ವಾ ನಾನು? ಇಷ್ಟು ವರ್ಷದಲ್ಲಿ ನಮ್ಮ ಮನೆ ಮುಂದೆ ಒಂದು ಕಾಗದದ ಚೂರು ಬಿದ್ದಿಲ್ಲ!”

ನಾನು ಮೆಟ್ಟಿಲ ತಲೆಯಲ್ಲಿದ್ದ ನೀಲಿ ನೀರಿನ ಡ್ರಮ್ಮಿನ ಹಿಂದೆ ಕೂತುಬಿಟ್ಟೆ. ಈ ಮನೆ ಸಿಗುವುದಕ್ಕೆ ಶೋಭಾ ಎಷ್ಟು ಅಲೆದಿದ್ದಳು ಎಂದು ನನಗೆ ಗೊತ್ತಿತ್ತು. ರಸ್ತೆ ದಾಟಲಾರದವಳು ಎಂಬುದರ ಮೇಲೆ ಮನೆ ಬಿಡಿಸಿದವಳು ಎಂಬುದೂ ಸೇರುತ್ತದೆ. ಇನ್ನು ಸೋಮವಾರದ ತನಕವೂ ಕಾಯಬೇಕಾಗಿಲ್ಲ. ಡ್ರಮ್ಮಿನ ಪಕ್ಕದಿಂದ ಒಂದು ಕಣ್ಣಿನಲ್ಲಿ ಕೆಳಗೆ ನೋಡಿದೆ.

ಬೀದಿಯಲ್ಲಿ ಒಬ್ಬ ಹೆಂಗಸು ಬರುತ್ತಿದ್ದರು. ನನಗಿಂತ ಸ್ವಲ್ಪ ಹಿರಿಯರು, ಬಿಳಿ ಕೂದಲು, ಸೊಂಟಕ್ಕೆ ಸಿಕ್ಕಿಸಿದ ಸೆರಗು, ಕೈಯಲ್ಲಿ ಹಾಲಿನ ಪ್ಯಾಕೆಟ್. ಸಿಪ್ಪೆಯ ಹತ್ತಿರ ಬಂದು ನಿಂತರು. ಮೂಗೆತ್ತಿ ಗಾಳಿ ಎಳೆದುಕೊಂಡರು. ಹಾಲನ್ನು ನಮ್ಮ ಕಾಂಪೌಂಡಿನ ಮೇಲಿಟ್ಟರು, ಚಪ್ಪಲಿ ಬಿಟ್ಟರು, ಬರಿಗಾಲಲ್ಲಿ ಸಿಪ್ಪೆಯನ್ನು ತುಳಿಯತೊಡಗಿದರು. ಆ ತುದಿಗೆ ಹೋಗಿ ಮತ್ತೆ ಈ ತುದಿಗೆ ಬಂದರು.

“ರೀ ತಾಯಮ್ಮ, ಏನ್ರೀ ಮಾಡ್ತಿದ್ದೀರಾ?” ಎಂದರು ಮೇಡಂ.

“ತುಳೀತಿವ್ನಿ ಮೇಡಂ.”

“ಅದು ಕಾಣುತ್ತೆ. ಜಾರಿ ಬಿದ್ದು ಸೊಂಟ ಮುರ್ಕೊಂಡ್ರೆ ಯಾರು ನೋಡ್ತಾರೆ?”

“ತುಳೀಲಿ ಅಂತಾನೆ ಹಾಕಿರಾದು. ಯಾವ ಮಾತಾಯಿ ಹಾಕಿದ್ದು? ಮೇಲ್ಗಡೆ ಮನೆಯೋಳಾ? ಯಾವ ಕಡೆಯೋಳು?”

“ಯಾವ ಕಡೆಯೋ ಏನೋ. ಆಯಮ್ಮ ಬಂದಾಗಿಂದ ಒಂದು ಸಲಾನೂ ಧ್ವನಿ ಕೇಳಿಲ್ಲ ನಾನು.”

“ನಮ್ಮ ಕಡೆಯೋಳೇ. ಸಿಪ್ಪೆ ಹೇಳ್ತೈತಲ್ಲ.” ಆಮೇಲೆ ತಲೆಯೆತ್ತಿ ಕೂಗಿದರು. “ಏನವ್ವಾ ಮೇಲಿರೋಳೇ! ಕಾಲಿಗೆ ಸೊಗಡು ಹತ್ತುಸ್ಕಂಡಿವ್ನಿ, ಸಾರು ಉಣ್ಣದೆ ಹೋಗಾಕಿಲ್ಲ. ಇಳ್ದು ಬಾ!”

ಡ್ರಮ್ಮಿನ ಹಿಂದೆಯೇ ಕೂತಿದ್ದರೆ ಅವರು ಸ್ವಲ್ಪ ಹೊತ್ತು ಕಾದು ಹೋಗುತ್ತಿದ್ದರು. ಎಲ್ಲರೂ ಹಾಗೆಯೇ ಹೋಗಿದ್ದಾರೆ. ಆದರೆ ಆ ಪಾದಗಳನ್ನು ನಾನು ನೋಡಿಬಿಟ್ಟಿದ್ದೆ. ಹಿಮ್ಮಡಿ ಒತ್ತಿ, ಸ್ವಲ್ಪ ತಿರುಚಿ, ಸಿಪ್ಪೆಯ ರಸ ಬಿಡುವ ಹಾಗೆ ತುಳಿಯುವುದು. ನಮ್ಮೂರಿನ ಬೀದಿ ಬಿಟ್ಟರೆ ಇನ್ನೆಲ್ಲೂ ನಾನು ಅದನ್ನು ಕಂಡಿರಲಿಲ್ಲ. ಗೋಡೆ ಹಿಡಿದುಕೊಂಡು ಇಳಿದೆ. ಮೇಡಂ ಕಡೆ ನೋಡಲಿಲ್ಲ, ತಾಯಮ್ಮನ ಕಡೆಯೂ ನೋಡಲಿಲ್ಲ. ನೆಲ ನೋಡುತ್ತ ಹೋಗಿ ನಾನೂ ಸಿಪ್ಪೆಯ ಮೇಲೆ ಕಾಲಿಟ್ಟೆ.

“ಸಾಯಂಕಾಲದೊಳಗೆ ರಸ್ತೆ ಕ್ಲೀನ್ ಆಗಿರ್ಬೇಕು,” ಎಂದರು ಮೇಡಂ. “ಇಲ್ಲಾಂದ್ರೆ ಶೋಭಾಗೆ ಹೇಳ್ತೀನಿ.”

“ಗುಡಿಸ್ತೀವಿ ಬಿಡಿ ಮೇಡಂ. ನೀವೂ ಒಂದ್ಸಲಿ ತುಳೀರಿ, ಏನಾಗಲ್ಲ.”

ಅವರು ತುಳಿಯಲಿಲ್ಲ. ಆದರೆ ಒಳಗೆ ಹೋಗುವಾಗ ಸಿಪ್ಪೆ ಬಿಟ್ಟು ಸುತ್ತಿಕೊಂಡೂ ಹೋಗಲಿಲ್ಲ, ಅದರ ಮೇಲೆಯೇ ಹೋದರು.

ನೀವು ಸಿಪ್ಪೆ ಅಜ್ಜಿ ಎಂದು ಕರೆಯುವ ತಾಯಮ್ಮನನ್ನು ನಾನು ಕಂಡದ್ದು ಹೀಗೆ. ಬೀದಿ ಗುಡಿಸಿ ಸಿಪ್ಪೆಯನ್ನು ಬಕೆಟ್ಟಿಗೆ ತುಂಬಿದ ಮೇಲೆ ಅವರು ನನ್ನ ಜೊತೆ ಮೇಲೆ ಬಂದು, ನಾನು ಬಿಡಿಸದೆ ಉಳಿಸಿದ್ದ ಕಾಯಿಯನ್ನು ಮೊರಕ್ಕೆ ಹಾಕಿಕೊಂಡು ಕೂತರು. ಯಾವ ಊರಿಂದ ಬಂದಿರಿ ಅಕ್ಕ ಎಂದು ಕೇಳಿದೆ. ಅವರು ನಕ್ಕರು.

“ನಾನೆಲ್ಲಿಂದ್ಲೂ ಬಂದಿಲ್ಲ ಕಣವ್ವ. ಇದೇ ನಮ್ಮೂರು. ಅಗೋ ಆ ಎತ್ತರದ ಅಪಾರ್ಟ್ಮೆಂಟ್ ಕಾಣ್ತದಲ್ಲ, ಅದ್ರ ಲಿಫ್ಟು ಇರೋ ತಾವ ನಮ್ಮಪ್ಪ ಅವರೆ ಹಾಕ್ತಿದ್ದ. ಈಗ ನಮ್ಮನೆ ಮುಂದೆ ಸಿಪ್ಪೆ ಬಿದ್ದು ಎಷ್ಟು ಕಾಲ ಆಯ್ತೋ. ಸೊಸೆ ಬಿಡಿಸಿರೋ ಕಾಳು ಪ್ಯಾಕೆಟ್ನಾಗೆ ತರ್ತಾಳೆ. ಅವ್ಳ ತಪ್ಪಲ್ಲ, ದುಡಿಯೋಕೆ ಹೋಗೋಳು. ಬಿಡ್ಸಾಕೆ ಜೊತೆಗೆ ಯಾರವ್ರೆ?”

ಇಬ್ಬರ ಕಣ್ಣೂ ಕೈ ಮೇಲಿತ್ತು. ನನ್ನ ಬಾಯಿ ತೆರೆಯಿತು. ವ್ಯಾನು, ಮೈನ್ ರೋಡು, ಬೈಕಿನವನು, ನಾಳೆ ಸೋಮವಾರ, ಮೈದುನನ ಮನೆ, ಎಲ್ಲ ಹೇಳಿದೆ. ಹೇಳಿ ಮುಗಿದ ಮೇಲೆ ಅವರು, ಅದೇನು ಮಹಾ, ನಾನು ದಾಟಿಸುತ್ತೇನೆ ಬಾ ಎನ್ನುತ್ತಾರೆ ಎಂದು ಕಾದೆ. ಅವರು ಒಂದು ಕಾಯಿ ಬಿಡಿಸಿ, ಇನ್ನೊಂದು ತೆಗೆದುಕೊಂಡು, ಅದನ್ನು ಬಿಡಿಸದೆ ಹಿಡಿದು ಕೂತರು.

“ಆ ರಸ್ತೇನಾ? ಅಯ್ಯೋ, ಅದನ್ನ ನಾನೇ ದಾಟಾಕಿಲ್ಲ ಕಣವ್ವ.”

“ನೀವಾ?”

“ಆ ಕಡೆ ನಮ್ಮ ತಂಗಿ ಮನೆ ಐತೆ. ಮಗ ಗಾಡೀಲಿ ಬಿಟ್ರೆ ಉಂಟು, ಇಲ್ಲಾಂದ್ರೆ ಇಲ್ಲ. ಮೊದ್ಲು ಕತ್ಲಾಗೂ ದಾಟ್ತಿದ್ದೆ, ಎತ್ತಿನ ಗಾಡಿ ಬಿಟ್ರೆ ಏನೂ ಬತ್ತಿರ್ಲಿಲ್ಲ. ಈಗ ಅದ್ರ ಮುಂದೆ ನಿಂತು ವಾಪಸ್ ಬತ್ತೀನಿ. ಮನೇಲಿ ಹೇಳಿಲ್ಲ. ಹೇಳಿದ್ರೆ ನಗ್ತಾರೆ, ಇದೇ ಊರೋಳು ರಸ್ತೆ ದಾಟಾಕೆ ಹೆದ್ರುತಾಳೆ ಅಂತ.”

ನನ್ನ ಎದೆ ಕುಸಿಯಿತು. ಆದರೆ ಕುಸಿಯುತ್ತಿರುವಾಗಲೇ ಇನ್ನೊಂದು ಏನೋ ಆಯಿತು. ಇಷ್ಟು ವಯಸ್ಸಿನ ತನಕ ನನ್ನ ಭಯ ನನ್ನೊಬ್ಬಳದೇ ಎಂದುಕೊಂಡಿದ್ದೆ. ಅದಕ್ಕೆ ನಾನು ಬಿಟ್ಟು ಇನ್ನೊಂದು ಮುಖವೂ ಇರಬಹುದು ಎಂದು ಯೋಚಿಸಿರಲಿಲ್ಲ. ತಲೆಯೆತ್ತಿ ಅವರ ಮುಖ ನೋಡಿದೆ.

“ವ್ಯಾನು ಎಷ್ಟೊತ್ಗೆ?” ಎಂದರು.

“ಮೂರೂವರೆಗೆ.”

“ಬತ್ತೀನಿ. ಒಬ್ಬೊಬ್ರೇ ಹೆದ್ರೋ ಬದ್ಲು ಇಬ್ರೂ ಒಟ್ಗೆ ಹೆದ್ರಾನ.”

ಸೋಮವಾರ ಬೆಳಿಗ್ಗೆ ಶೋಭಾ ಡ್ಯೂಟಿಗೆ ಹೊರಡುವಾಗ ನನ್ನ ಕೈಗೆ ಫೋನ್ ಕೊಟ್ಟು, “ಆಗ್ಲಿಲ್ಲ ಅಂದ್ರೆ ಸುಮ್ನೆ ಹಠ ಮಾಡ್ಬೇಡ ಅಮ್ಮ, ಫೋನ್ ಮಾಡು. ಡ್ರೈವರ್‌ಗೆ ಹೇಳಿದೀನಿ” ಎಂದಳು. ಅವಳ ಕಣ್ಣಿನಲ್ಲಿ ನಾನು ಆಗಲೇ ಬಸ್ಸು ಹತ್ತಿ ಊರಿಗೆ ಹೋಗಿದ್ದೆ. ರಾತ್ರಿ ನೆನೆದ ಕಾಳನ್ನು ಒಂದೊಂದಾಗಿ ಹಿದುಕುತ್ತ ಕೂತೆ. ಬೇಳೆ ಬೆರಳಿನಿಂದ ಚಿಮ್ಮಿ ಗೋಡೆಗೆ ಬೀಳುತ್ತಿತ್ತು. ಮೂರು ಗಂಟೆಗೇ ಬೀದಿಯ ಕೊನೆಗೆ ಹೋಗಿ ನಿಂತೆ. ತಾಯಮ್ಮ ಬರಲಿಲ್ಲ. ಬರುವುದಿಲ್ಲ, ಅವರಿಗೂ ಭಯವಲ್ಲವೇ, ಅವರೂ ಈಗ ಎಲ್ಲೋ ಒಂದು ಡ್ರಮ್ಮಿನ ಹಿಂದೆ ಕೂತಿದ್ದಾರೆ ಎಂದುಕೊಂಡೆ. ಫೋನ್ ಕೈಯಲ್ಲೇ ಇತ್ತು. ಅಷ್ಟರಲ್ಲಿ ಹಿಂದಿನಿಂದ ಯಾರೋ ಮೊಣಕೈ ಹಿಡಿದರು.

“ಎರಡ್ಸಲಿ ಬಾಗ್ಲತಂಕ ಬಂದು ವಾಪಸ್ ಹೋದೆ ಕಣವ್ವ. ನಡಿ, ಇನ್ನ ನಿಂತ್ರೆ ಆಗಾಕಿಲ್ಲ.”

ಇಬ್ಬರೂ ಕೈ ಹಿಡಿದುಕೊಂಡು ಕಾಲಿಟ್ಟೆವು. ಒಂದು ಬಸ್ಸು ಬಂತು, ಹಿಂದಕ್ಕೆ ಬಂದೆವು. ಮತ್ತೆ ಇಟ್ಟೆವು, ಆಟೋ ಬಂತು, ನಿಂತೆವು. ನಾನು ಹಿಂದಕ್ಕೆ ಎಳೆದಾಗ ಅವರು ಮುಂದಕ್ಕೆ, ಅವರು ಹಿಂದಕ್ಕೆ ಎಳೆದಾಗ ನಾನು ಮುಂದಕ್ಕೆ. ಒಬ್ಬ ಬೈಕಿನವನು ಬ್ರೇಕ್ ಹಾಕಿ ಬಾಯಿ ಬಿಟ್ಟ.

“ಏನಜ್ಜಿ, ಮನೇಲಿ ಹೇಳಿ ಬಂದಿದ್ದೀರಾ?”

“ನಮ್ಮನೇಲಿ ನಾವೇ ದೊಡ್ಡೋರು ಕಣ್ಲಾ! ಯಾರ್ಗೆ ಹೇಳಾದು?” ಎಂದು ಕೂಗಿದರು ತಾಯಮ್ಮ. ಅವನು ನಗುವುದರೊಳಗೆ ನಾವು ಡಿವೈಡರ್ ಮುಟ್ಟಿದ್ದೆವು.

ಅಲ್ಲಿ ನಿಂತಾಗ ಗೊತ್ತಾಯಿತು, ಅಷ್ಟು ಜೋರಾಗಿ ಕೂಗಿದವರ ಕೈ ನನ್ನ ಕೈಗಿಂತ ಹೆಚ್ಚು ನಡುಗುತ್ತಿತ್ತು. ಬೆವರಿಗೆ ಜಾರುತ್ತಿತ್ತು. ಇನ್ನರ್ಧ ರಸ್ತೆ ಇತ್ತು. ಆಗಲೇ ವ್ಯಾನ್ ಬಂದು ನಿಂತಿತು. ಡ್ರೈವರ್ ಇನ್ನೊಂದು ಮಗುವನ್ನು ಇಳಿಸುತ್ತಿದ್ದ. ಇಂಚರಾ, ನೀನು ನನ್ನನ್ನು ಕಂಡೆ. “ಅಜ್ಜೀ!” ಎಂದು ಎರಡೂ ಕೈ ಎತ್ತಿಕೊಂಡು ರಸ್ತೆಯ ಕಡೆ ಓಡಿ ಬಂದೆ. ನಿನಗೆ ನೆನಪಿಲ್ಲ. ಆ ಕಡೆಯಿಂದ ಸಿಮೆಂಟ್ ಲಾರಿ ಬರುತ್ತಿತ್ತು.

“ನಿಲ್ಲೇ ಅಲ್ಲೇ!”

ಅದು ನನ್ನ ಧ್ವನಿ ಎಂದು ನನಗೆ ತಿಳಿಯುವುದಕ್ಕೆ ಸ್ವಲ್ಪ ಹೊತ್ತು ಬೇಕಾಯಿತು. ಬೆಂಚಿನ ಮೇಲೆ ನಿಂತು ನುಂಗಿದ್ದೆಲ್ಲ ಒಟ್ಟಿಗೆ ಹೊರಗೆ ಬಂದ ಹಾಗಿತ್ತು. ನೀನು ಅಂಚಿನಲ್ಲೇ ನಿಂತೆ. ಡ್ರೈವರ್ ಓಡಿ ಬಂದು ನಿನ್ನ ಬ್ಯಾಗ್ ಹಿಡಿದುಕೊಂಡ. ಲಾರಿಯವನೂ ನಿಲ್ಲಿಸಿದ, ಅವನ ಹಿಂದೆ ಕಾರು, ಆಟೋ ಎಲ್ಲ ನಿಂತವು. ಅಷ್ಟು ಜನ ನನ್ನನ್ನೇ ನೋಡುತ್ತಿದ್ದರು. ತಾಯಮ್ಮ ಎಳೆದರೋ ನಾನು ಅವರನ್ನು ಎಳೆದೆನೋ, ಆಚೆ ಬದಿಗೆ ಬಂದು ನಿನ್ನನ್ನು ಹಿಡಿದುಕೊಂಡೆ. ನೀನು ಅಳುತ್ತ, “ಯಾಕಜ್ಜಿ ಬೈದೆ?” ಎಂದೆ. ವಾಪಸ್ಸು ಬರುವಾಗ ನಿನ್ನನ್ನು ನಡುವೆ ಹಾಕಿಕೊಂಡು ಆಚೆ ಈಚೆ ಇಬ್ಬರೂ ಹಿಡಿದಿದ್ದೆವು. ಆಗಲೂ ಭಯವೇ. ಇವತ್ತಿಗೂ ಅದು ಹೋಗಿಲ್ಲ.

ಮನೆಗೆ ಬಂದು ನಿನಗೆ ಹಾಲು ಕೊಡುತ್ತಿರುವಾಗ ಶೋಭಾಳ ಫೋನ್ ಬಂತು.

“ಅಮ್ಮಾ, ಮಗು?”

“ಇಲ್ಲೇ ಅವ್ಳೆ. ಹಾಲು ಕುಡೀತಾವ್ಳೆ.”

ಕೌಂಟರಿನ ಗದ್ದಲ ಕೇಳಿಸುತ್ತಿತ್ತು. ಆಮೇಲೆ ಅವಳು ಮೆಲ್ಲಗೆ, “ನೀನೊಬ್ಳೇ ದಾಟಿದ್ಯಾ?” ಎಂದಳು.

“ಇಲ್ಲ ಕಣೆ,” ಎಂದೆ. “ಇಬ್ರು.”

ಡೇ ಕೇರಿನ ಮಾತನ್ನು ಅವಳು ಮತ್ತೆ ಎತ್ತಲಿಲ್ಲ. ಸಂಜೆ ಅವಳು ಬರುವ ಹೊತ್ತಿಗೆ ಹಿದುಕಿದ ಬೇಳೆ ಸಾರು ಒಲೆಯ ಮೇಲೆ ಕುದಿಯುತ್ತಿತ್ತು. ಮೊದಲು ತಾಯಮ್ಮನ ಮನೆಗೆಂದು ಒಂದು ಬಟ್ಟಲಿಗೆ ತೆಗೆದು ಮುಚ್ಚಿದೆ. “ನಾನು ಕೊಟ್ಟು ಬರ್ತೀನಿ ತಾ, ಹಿಂದಿನ ಬೀದಿ ನಿಂಗೆ ಗೊತ್ತಾಗಲ್ಲ” ಎಂದಳು ಶೋಭಾ. ಬೇಡ ಎಂದೆ. ಬಟ್ಟಲಿನ ಬಿಸಿ ಸೆರಗಿನ ಮೂಲಕ ಕೈಗೆ ಹತ್ತುತ್ತಿತ್ತು. ಕೇಳಿಕೊಂಡು ಕೇಳಿಕೊಂಡು ಹೋದೆ. ತಾಯಮ್ಮನ ಮನೆಯ ಮುಂದೆ ಸಿಪ್ಪೆ ಇರಲಿಲ್ಲ, ತೊಳೆದ ಟೈಲ್ಸ್ ಹೊಳೆಯುತ್ತಿತ್ತು. ಬೆಲ್ ಒತ್ತಿದೆ. ಒಳಗೆ ಹೆಜ್ಜೆಯ ಸದ್ದು ಕೇಳಿತು. ಅದು ತಾಯಮ್ಮನದಲ್ಲ, ಚುರುಕಾದ, ಗೊತ್ತಿಲ್ಲದ ಹೆಜ್ಜೆ, ಸೊಸೆಯದಿರಬೇಕು. ಹೊಸ್ತಿಲು ಅಗಲವಾಗಿತ್ತು, ಬಟ್ಟಲು ಇಡುವುದಕ್ಕೆ ಹೇಳಿ ಮಾಡಿಸಿದ ಹಾಗೆ. ನನ್ನ ಕಾಲುಗಳು ಆಗಲೇ ತಿರುಗಿಕೊಂಡಿದ್ದವು. ಅವುಗಳನ್ನು ಮತ್ತೆ ಬಾಗಿಲ ಕಡೆ ತಿರುಗಿಸಿದೆ. ಚಿಲಕ ತೆಗೆಯುವ ಸದ್ದಾಯಿತು. ಒಳಗಿರುವವರ ಮುಖ ನೋಡಿಕೊಂಡು ಬರಬೇಕಿತ್ತು. ನಿಂತೆ.